ಮುರಿದ ರೆಕ್ಕೆಗಳ ಚಿತ್ರ ಹೇಳುವುದೇನು?

ಎರಡನೇ ಮಹಾಯುದ್ಧದ ವಿಮಾನಗಳ ಚಿತ್ರಗಳೆಂದರೆ ಇಂದು ಹೆಚ್ಚಾಗಿ ಕಣ್ಣಿಗೆ ಬೀಳುವುದು ಒಂದೇ ಬಗೆಯವು. ಬಿಳಿ ಮೋಡಗಳ ನಡುವೆ ಓರೆಯಾಗಿ ಹೊರಳುವ ಸ್ಪಿಟ್‌ಫೈರ್, ಅದರ ಹಿಂದೆ ಹೊಗೆಯುಗುಳುತ್ತ ಬೀಳುವ ಶತ್ರು ವಿಮಾನ, ಎಣಿಸಬಹುದಾದಷ್ಟು ಸ್ಪಷ್ಟವಾದ ರಿವೆಟ್ಟುಗಳು. ಇದರ ಹಿಂದಿನ ಶ್ರಮ, ಕೈಚಳಕ ಸಣ್ಣದಲ್ಲ. ಆದರೂ ಯುದ್ಧಚಿತ್ರದ ಸತ್ಯವನ್ನು ರಿವೆಟ್ಟಿನಿಂದ ಅಳೆಯಲಾಗದು ಎಂದೇ ನಾನು ನಂಬಿದ್ದೇನೆ. ಆ ಯಂತ್ರದಿಂದ ಏನಾಯಿತು, ಅದರೊಳಗೆ ಕೂತವರಿಗೆ ಏನಾಯಿತು ಎಂಬುದನ್ನು ಬಿಟ್ಟ ಚಿತ್ರ ಎಷ್ಟೇ ಕರಾರುವಾಕ್ಕಾಗಿದ್ದರೂ ಅರ್ಧ ಸತ್ಯವೇ.

ಈ ಜಗಳ ಯುದ್ಧ ನಡೆಯುತ್ತಿದ್ದಾಗಲೇ ಇತ್ತು. 1939ರಲ್ಲಿ ಬ್ರಿಟನ್ ಸರ್ಕಾರ ಕೆನೆತ್ ಕ್ಲಾರ್ಕ್ ಅಧ್ಯಕ್ಷತೆಯಲ್ಲಿ ಯುದ್ಧ ಕಲಾವಿದರ ಸಲಹಾ ಸಮಿತಿಯನ್ನು ರಚಿಸಿತು. ಮೊದಲ ಮಹಾಯುದ್ಧದ ಕಂದಕಗಳನ್ನು ಕಂಡು ಚಿತ್ರಿಸಿದ್ದ ಪಾಲ್ ನ್ಯಾಶ್ ವಾಯುಯಾನ ಸಚಿವಾಲಯಕ್ಕೆ ನೇಮಕಗೊಂಡರು. ಅಧಿಕಾರಿಗಳು ಬಯಸಿದ್ದು ಪೈಲಟ್‌ಗಳ ಮುಖಗಳನ್ನು, ಅಚ್ಚುಕಟ್ಟಾದ ವಿಮಾನಗಳನ್ನು. ನ್ಯಾಶ್ ಮನಸ್ಸು ಹೋದದ್ದು ಹೊಲಗಳಲ್ಲಿ ಬಿದ್ದು ನುಗ್ಗಾದ ಜರ್ಮನ್ ವಿಮಾನಗಳ ಕಡೆಗೆ. ಸಚಿವಾಲಯ ಅವರ ಕರಾರನ್ನು ಮುಂದುವರಿಸಲಿಲ್ಲ. ಅವರ ಚಿತ್ರಗಳನ್ನು ಕೊಳ್ಳಲು ಕ್ಲಾರ್ಕ್ ಸಮಿತಿಯೇ ಹಣ ಒದಗಿಸಬೇಕಾಯಿತು. ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ ಉದುರಿದ ವಿಮಾನಗಳನ್ನು ತಂದು ರಾಶಿ ಹಾಕುತ್ತಿದ್ದ ಗುಜರಿ ಅಂಗಳದ ಫೋಟೋಗಳನ್ನು ತೆಗೆದುಕೊಂಡು, 1940–41ರಲ್ಲಿ ಅವರು ‘ಟೋಟೆಸ್ ಮೇರ್’ ಚಿತ್ರಿಸಿದರು. ಜರ್ಮನ್ ಭಾಷೆಯ ಈ ಹೆಸರಿನ ಅರ್ಥ ಸತ್ತ ಸಮುದ್ರ. ಬೆಳದಿಂಗಳಲ್ಲಿ ಮುರಿದ ರೆಕ್ಕೆ, ಬಾಲ, ಚಕ್ರಗಳು ಅಲೆಗಳಂತೆ ಎದ್ದು ಹೆಪ್ಪುಗಟ್ಟಿವೆ. ಜೀವವಿರುವುದೆಂದರೆ ಮೇಲೆ ಹಾರುವ ಒಂದು ಬಿಳಿ ಗೂಬೆ ಮಾತ್ರ. ಇಲ್ಲಿನ ಯಾವ ರೆಕ್ಕೆ ಯಾವ ಮಾದರಿಯದೆಂದು ಕೇಳುವವರಿಗೆ ಉತ್ತರ ಸಿಗಲಾರದು. ಆದರೆ ಆಕಾಶದಲ್ಲಿ ನಡೆದ ಕಾಳಗದ ಕೊನೆ ಎಲ್ಲಿ, ಹೇಗೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ನಾನು ಕಂಡಿಲ್ಲ.

ವಿವರಗಳ ನಿಖರತೆಯೇ ಹಾರಿದವರಿಗೆ ಸಲ್ಲುವ ಗೌರವ ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕಲಾರೆ. ತಾನು ಹಾರಿಸಿದ ವಿಮಾನವನ್ನು ತಪ್ಪಾಗಿ ಬರೆದರೆ ಪೈಲಟ್‌ಗೆ ನೋವಾಗುವುದು ಸಹಜ. ಆದರೆ ನಿಖರತೆಗೂ ಸತ್ಯಕ್ಕೂ ವೈರವೇನಿಲ್ಲ. ಲಾರಾ ನೈಟ್ 1943ರ ‘ಟೇಕ್ ಆಫ್’ ಚಿತ್ರದಲ್ಲಿ ಸ್ಟರ್ಲಿಂಗ್ ಬಾಂಬರ್‌ನ ಒಳಭಾಗವನ್ನು ಉಪಕರಣಗಳ ಸಮೇತ ತೋರಿಸುತ್ತಾರೆ. ನಮ್ಮ ಕಣ್ಣು ಮಾತ್ರ ಆ ಇಕ್ಕಟ್ಟಿನಲ್ಲಿ ಕೆಲಸದಲ್ಲಿ ಮುಳುಗಿರುವ ಯುವಕರ ಮೇಲೆ ನಿಲ್ಲುತ್ತದೆ. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,000ಕ್ಕೂ ಹೆಚ್ಚು ಜನ ಸತ್ತರೆಂಬುದು ಗೊತ್ತಿದ್ದವರಿಗೆ ಆ ಮುಖಗಳನ್ನು ನೋಡಿ ಸುಮ್ಮನೆ ಮುಂದೆ ಹೋಗುವುದು ಕಷ್ಟ. ಅವರು ಹೊತ್ತೊಯ್ದ ಬಾಂಬುಗಳು ಜರ್ಮನ್ ನಗರಗಳ ಮನೆಗಳ ಮೇಲೆ ಬಿದ್ದವೆಂಬುದು ಈ ಚಿತ್ರದಲ್ಲೂ ಇಲ್ಲ. ಆ ಕೊರತೆಯನ್ನೂ ಒಪ್ಪಲೇಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನ್ಯಾಶ್ ಮೇಲೆಯೇ ಇದೆ. ಕೌಲಿಯ ರಾಶಿಯಲ್ಲಿ ಬ್ರಿಟಿಷ್ ವಿಮಾನಗಳೂ ಇದ್ದವು. ಅವರು ಚಿತ್ರಿಸಿದ್ದು ಜರ್ಮನಿಯವನ್ನಷ್ಟೇ. ಚಿತ್ರವನ್ನು ಪ್ರಚಾರಕ್ಕೆ ಬಳಸಬೇಕೆಂಬ ಆಸೆಯೂ ಅವರಿಗಿತ್ತು. ಹಾಗಿದ್ದರೆ ಇದೂ ಗೆಲುವಿನ ಡಂಗುರವೇ ಅಲ್ಲವೇ? ಉದ್ದೇಶ ಅದೇ ಇದ್ದಿರಬಹುದು. ಆದರೆ ಚಿತ್ರದಲ್ಲಿ ಗೆದ್ದವನು ಎಲ್ಲೂ ಇಲ್ಲ, ಜಯಘೋಷಕ್ಕೆ ಎಡೆಯೂ ಇಲ್ಲ. ರೆಕ್ಕೆಗಳ ಮೇಲಿನ ಶಿಲುಬೆ ಗುರುತುಗಳನ್ನು ಅಳಿಸಿದರೆ ಅವು ಯಾವ ದೇಶದ ವಿಮಾನಗಳಾದರೂ ಆಗಬಹುದು. ಅಲ್ಲಿ ಮನುಷ್ಯರೇ ಇಲ್ಲವೆಂಬ ದೂರು ಮಾತ್ರ ನಿಜ. ಪೈಲಟ್‌ನನ್ನು ಬಿಟ್ಟು ಯಂತ್ರವನ್ನೇ ನಾಯಕನನ್ನಾಗಿ ಮಾಡಿದರೆ ಸಾವು ಚಂದದ ಆಕಾರವಾಗಿಬಿಡುವ ಅಪಾಯವಿದೆ.

ಅದಕ್ಕೇ ನ್ಯಾಶ್ ಜೊತೆಗೆ ವಿಲಿಯಂ ಆರ್ಪೆನ್ ಕೂಡ ಬೇಕು. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಅವರು ಆರ್ಥರ್ ರೀಸ್ ಡೇವಿಡ್ಸ್ ಎಂಬ ಪೈಲಟ್‌ನ ಭಾವಚಿತ್ರ ಬರೆದರು. ಅದರಲ್ಲಿ ವಿಮಾನವಿಲ್ಲ, ಮೋಡವಿಲ್ಲ. ಹುಡುಗುತನ ಇನ್ನೂ ಆರದ ಒಂದು ಮುಖವಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಆತ ಹಾರಲು ಹೋಗಿ ಮರಳಲಿಲ್ಲ, ವಯಸ್ಸು 20. ಮಕ್ಕಳ ಪುಸ್ತಕಗಳಲ್ಲೂ ಗೋಡೆಗಳ ಮೇಲೂ ಸ್ಪಿಟ್‌ಫೈರ್ ಹಾರುತ್ತಲೇ ಇರಲಿ, ಅದರ ಪಕ್ಕದಲ್ಲೇ ಈ ಮುಖವನ್ನೂ ಕೌಲಿಯ ರಾಶಿಯನ್ನೂ ಅಚ್ಚುಮಾಡಿ ಎಂಬುದು ಪ್ರಕಾಶಕರಿಗೆ, ವಸ್ತುಸಂಗ್ರಹಾಲಯಗಳಿಗೆ ನನ್ನ ಒತ್ತಾಯ.