ಲಾಳ ಕಟ್ಟುವವರ ಕಾಲಿಗೆ ಯಾವ ಬೂಟು?

ಸಂತೆಯಲ್ಲಿ ಎತ್ತಿಗೆ ಲಾಳ ಕಟ್ಟುವುದನ್ನು ನೋಡಿದ್ದೀರಾ? ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲುಗಳನ್ನು ಬಿಗಿದು ಕಟ್ಟಿ, ಆಮೇಲೆ ಮೊಳೆ ಹೊಡೆಯುತ್ತಾರೆ. ಎತ್ತಿನದು ಸೀಳುಗೊರಸು. ಕಾಲಿಗೆರಡರಂತೆ ಎಂಟು ಲಾಳ ಬೇಕು. ಕುದುರೆಗಾದರೆ ನಾಲ್ಕೇ ಸಾಕು. ಆದರೆ ಕುದುರೆಯನ್ನು ಕೆಡವುವುದಿಲ್ಲ, ಅದು ನಿಂತೇ ಇರುತ್ತದೆ. ಲಾಳ ಕಟ್ಟುವವನು (ಉತ್ತರ ಕರ್ನಾಟಕದಲ್ಲಿ ಇವನು ನಾಲಬಂದ) ಅದರ ಮುಂಗಾಲನ್ನೆತ್ತಿ ತನ್ನ ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಬೆನ್ನು ಬಗ್ಗಿಸಿ ಕೆಲಸ ಮಾಡಬೇಕು. ಕುದುರೆ ಬೆದರಿ ಕಾಲು ಕಿತ್ತುಕೊಂಡರೆ ಅದು ಇಳಿಯುವ ಜಾಗದಲ್ಲೇ ಅವನ ಪಾದಗಳಿರುತ್ತವೆ.

ಮೊಳೆ ಹೊಡೆಯುವಾಗ ಕುದುರೆಗೆ ನೋವಾಗುವುದಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು, ಅಲ್ಲಿ ನರಗಳಿಲ್ಲ. ಮೊಳೆ ಸರಿಯಾದ ಜಾಗದಲ್ಲಿ ಇಳಿದರೆ ನೋವಿಲ್ಲ. ಉಗುರಿನಂತೆಯೇ ಗೊರಸೂ ಬೆಳೆಯುತ್ತದೆ. ಹೀಗಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಬೇಕು. ಟಾಂಗಾ ಕುದುರೆಯಿರಲಿ, ಮೈಸೂರಿನ ಅಶ್ವಾರೋಹಿ ಪೊಲೀಸ್ ಪಡೆಯ ಕುದುರೆಯಿರಲಿ, ಈ ಲೆಕ್ಕ ತಪ್ಪಿದ್ದಲ್ಲ. ನೋವು ಮತ್ತು ಅಪಾಯ ಇದ್ದರೆ ಕೆಳಗೆ ಬಗ್ಗಿ ನಿಂತ ಮನುಷ್ಯನಿಗೆ.

ಎಷ್ಟು ಅಪಾಯ? ಸಣ್ಣ ಲೆಕ್ಕ ಮಾಡೋಣ. ಕುದುರೆ 500 ಕಿಲೋ ತೂಗುತ್ತದೆ ಎನ್ನಿ. ನಿಂತ ಕುದುರೆಯ ತೂಕದಲ್ಲಿ ಸುಮಾರು ಶೇಕಡಾ 60 ಭಾಗ ಮುಂಗಾಲುಗಳ ಮೇಲಿರುತ್ತದೆ. ಅಂದರೆ ಒಂದು ಮುಂಗಾಲಿಗೆ 150 ಕಿಲೋ. ಲಾಳದ ತುದಿಯೊಂದು ಎರಡು ಚದರ ಸೆಂಟಿಮೀಟರ್ ಜಾಗದಲ್ಲಿ ಕಾಲ್ಬೆರಳ ಮೇಲೆ ಕೂತರೆ ಪ್ರತಿ ಚದರ ಸೆಂಟಿಮೀಟರಿಗೆ 75 ಕಿಲೋ ಭಾರ ಬಿತ್ತು. 60 ಕಿಲೋ ತೂಕದ ಮನುಷ್ಯ ಎರಡೂ ಪಾದ ಊರಿ ನಿಂತಾಗ ನೆಲದ ಮೇಲೆ ಅಷ್ಟೇ ಜಾಗಕ್ಕೆ ಬೀಳುವುದು ಕಾಲು ಕಿಲೋಗಿಂತ ಕಡಿಮೆ. ತೂಕ ಎಷ್ಟು ಎನ್ನುವುದರ ಜೊತೆಗೆ ಅದು ಎಷ್ಟು ಜಾಗದ ಮೇಲೆ ಬಿತ್ತು ಎನ್ನುವುದೂ ಮುಖ್ಯ. ಒತ್ತಡದ ಪಾಠದಲ್ಲಿ ಓದಿದ್ದು ಇದನ್ನೇ.

ಹೀಗಿರುವಾಗ ಚಪ್ಪಲಿ ತೊಟ್ಟು ಈ ಕೆಲಸಕ್ಕೆ ಇಳಿಯುವುದು ಧೈರ್ಯವಲ್ಲ. ಬೆರಳುಗಳ ಮೇಲೆ ಲೋಹದ ಟೋಪಿಯಿರುವ ಬೂಟು ಬೇಕು. ಅಂಗಡಿಯವನು ಗಟ್ಟಿಯಾಗಿದೆ ಎಂದರೆ ಸಾಲದು. ಐಎಸ್ 15298 ಎಂಬ ಸಂಖ್ಯೆಯ ಜೊತೆ ಐಎಸ್‌ಐ ಗುರುತನ್ನು ನೋಡಬೇಕು, ಅದರಲ್ಲೂ ಎರಡನೆಯ ಭಾಗವೇ ಎಂದು ನೋಡಬೇಕು. ಎರಡನೆಯ ಭಾಗದ ಬೂಟಿನ ಟೋಪಿ 200 ಜೂಲ್ ಹೊಡೆತ ತಡೆಯುತ್ತದೆ. ಮೂರನೆಯ ಭಾಗದ್ದು 100 ಜೂಲ್ ಮಾತ್ರ. ನಾಲ್ಕನೆಯದರಲ್ಲಿ ಇಂಥ ಟೋಪಿಯ ಕಡ್ಡಾಯವೇ ಇಲ್ಲ.

200 ಜೂಲ್ ಎಂದರೆ 20 ಕಿಲೋ ತೂಕದ ಕಬ್ಬಿಣವನ್ನು ಒಂದು ಮೀಟರಿಗಿಂತ ತುಸು ಮೇಲಿನಿಂದ ಬೀಳಿಸಿದಾಗ ಬರುವ ಶಕ್ತಿ. ಪರೀಕ್ಷೆಯ ವಿಧಾನ ಚೆನ್ನಾಗಿದೆ. ಟೋಪಿಯೊಳಗೆ ಮೆತ್ತನೆಯ ಜೇಡಿಯ ಸಣ್ಣ ಕಂಬವಿಟ್ಟು ಹೊಡೆತ ಕೊಡುತ್ತಾರೆ. ಆಮೇಲೆ ಆ ಕಂಬ ಎಷ್ಟು ಉಳಿಯಿತೆಂದು ಅಳೆಯುತ್ತಾರೆ. 42ರ ಅಳತೆಯ ಬೂಟಿನಲ್ಲಿ ಕನಿಷ್ಠ 14 ಮಿಲಿಮೀಟರ್ ಉಳಿಯಬೇಕು. ಬೆರಳಿಗೆ ಉಳಿಯುವ ಜಾಗ ಅಷ್ಟೇ! ನಿಧಾನವಾಗಿ ಅದುಮುವ ಪರೀಕ್ಷೆ ಬೇರೆಯೇ ಇದೆ, ಅದರಲ್ಲಿ ಸುಮಾರು ಒಂದೂವರೆ ಟನ್ ಭಾರ ಹೇರುತ್ತಾರೆ. ಸುಮ್ಮನೆ ಕಾಲಿಟ್ಟು ನಿಂತ ಕುದುರೆಯ 150 ಕಿಲೋ ಅದರ ಹತ್ತರಲ್ಲೊಂದು ಪಾಲು.

ಉಕ್ಕಿನ ಟೋಪಿ ಮಡಚಿಕೊಂಡು ಬೆರಳನ್ನೇ ಕತ್ತರಿಸುತ್ತದೆ, ಅದಕ್ಕಿಂತ ಬರೀ ತೊಗಲಿನ ಬೂಟೇ ವಾಸಿ ಎಂಬ ಮಾತು ಕೆಲಸಗಾರರ ನಡುವೆ ಬಹಳ ಕಾಲದಿಂದ ಓಡಾಡುತ್ತಿದೆ. ಇದಕ್ಕೆ ಹೆದರಬೇಕಿಲ್ಲ. ಉಕ್ಕು ಮಡಚಿಕೊಳ್ಳುವಷ್ಟು ಭಾರ ಬಿದ್ದರೆ ಬರೀ ತೊಗಲಿನೊಳಗಿನ ಬೆರಳು ಅದಕ್ಕೆ ಮೊದಲೇ ಜಜ್ಜಿಹೋಗಿರುತ್ತದೆ.

ಟೋಪಿಗೆ ನಿಜವಾದ ಮಿತಿ ಬೇರೆ ಇದೆ. ಅದು ಮುಚ್ಚುವುದು ಬೆರಳುಗಳನ್ನು ಮಾತ್ರ. ಅದರ ಹಿಂದೆ ಪಾದದ ಮೇಲ್ಭಾಗದಲ್ಲಿ ಐದು ಉದ್ದನೆಯ ಮೂಳೆಗಳಿವೆ. ಗೊರಸು ಅಲ್ಲಿ ಇಳಿದರೆ ಟೋಪಿಯಿಂದ ಏನೂ ಪ್ರಯೋಜನವಿಲ್ಲ. ಆ ಭಾಗಕ್ಕೂ ಕವಚವಿರುವ ಬೂಟುಗಳು ಸಿಗುತ್ತವೆ, ಆದರೆ ಭಾರ ಹೆಚ್ಚು, ಬಾಗುವುದು ಕಡಿಮೆ. ಕುದುರೆ ಕಾಲು ಎಳೆದುಕೊಂಡಾಗ ಚಟ್ಟನೆ ಹಿಂದೆ ಸರಿಯುವವನಿಗೆ ಭಾರದ ಬೂಟೇ ಕಾಲಿಗೆ ಕಟ್ಟಿದ ಕಲ್ಲಾದೀತು. ಇಲ್ಲಿ ಒಂದೇ ಉತ್ತರವಿಲ್ಲ. ಎಳೆಯ, ತುಂಟ ಕುದುರೆಗಳ ಜೊತೆ ಪಳಗಬೇಕಾದವನ ಆಯ್ಕೆಯೇ ಬೇರೆ, ಪಳಗಿದ ಟಾಂಗಾ ಕುದುರೆಗೆ ಲಾಳ ಕಟ್ಟುವವನದೇ ಬೇರೆ.

ಅಟ್ಟೆಯನ್ನೂ ನೋಡಬೇಕು. ಕಿತ್ತ ಹಳೆಯ ಮೊಳೆಗಳು ನೆಲದಲ್ಲಿ ಚೆಲ್ಲಿರುತ್ತವೆ. ಮೊಳೆ ಚುಚ್ಚಿಕೊಂಡು ಒಳಬರದಂತೆ ಅಟ್ಟೆಯೊಳಗೆ ಒಂದು ಪದರವಿರಬೇಕು. ಕುದುರೆ ಲಾಯದ ನೆಲದಲ್ಲಿ ಬಿದ್ದ ಮೊಳೆಯೆಂದರೆ ಧನುರ್ವಾಯುವಿನ ಭಯ. ಬೂಟು ಎಂಥದ್ದೇ ಇರಲಿ, ಅದರ ಲಸಿಕೆ ಹಾಕಿಸಿಕೊಂಡಿರಲೇಬೇಕು. ಇನ್ನು ಲಾಳವನ್ನು ಕುಲುಮೆಯಲ್ಲಿ ಕಾಯಿಸಿ ಗೊರಸಿಗೆ ಒತ್ತಿ ಕೂರಿಸುವ ಪದ್ಧತಿಯಿದ್ದಲ್ಲಿ ಪಾಲಿಯುರಿಥೇನ್ ಅಟ್ಟೆ ಬೇಡ, ರಬ್ಬರಿನದೇ ಬೇಕು. ಎಚ್‌ಆರ್‌ಒ ಎಂಬ ಅಕ್ಷರಗಳಿರುವ ಅಟ್ಟೆಯನ್ನು 300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಂದು ನಿಮಿಷ ಪರೀಕ್ಷಿಸಿರುತ್ತಾರೆ. ಪ್ಯಾಂಟಿನ ತುದಿ ಬೂಟಿನ ಹೊರಗೇ ಇಳಿದಿರಲಿ. ಒಳಗೆ ಸಿಕ್ಕಿಸಿಕೊಂಡರೆ ಕಿಡಿ ನೇರವಾಗಿ ಬೂಟಿನೊಳಗೇ ಇಳಿಯುತ್ತದೆ.

ಕೊಳ್ಳುವಾಗ ಅಂಗಡಿಯಲ್ಲಿ ಎರಡು ಹೆಜ್ಜೆ ನಡೆದು ನೋಡಿದರೆ ಸಾಲದು. ಈ ಕೆಲಸದ ಭಂಗಿಯಲ್ಲೇ, ಮೊಣಕಾಲು ಒಳಗೆ ಮಾಡಿ ಅರ್ಧ ಬಗ್ಗಿ ಐದು ನಿಮಿಷ ನಿಲ್ಲಬೇಕು. ಟೋಪಿಯ ಹಿಂದಿನ ಅಂಚು ಬೆರಳಿನ ಬುಡಕ್ಕೆ ಒತ್ತಿದರೆ ಆ ಬೂಟು ಒಂದು ವಾರದಲ್ಲಿ ಮೂಲೆ ಸೇರುತ್ತದೆ, ಚಪ್ಪಲಿ ಮತ್ತೆ ಹೊರಬರುತ್ತದೆ. ಅದಕ್ಕೇ ಕುದುರೆಯ ಯಜಮಾನರು ಬೂಟು ತಾವೇ ಕೊಡಿಸುವುದಾದರೆ (ಕೊಡಿಸುವುದೇ ನ್ಯಾಯ, ಪಾದದ ಮೂಳೆ ಮುರಿದರೆ ಕೂಡಲು ಸುಮಾರು ಆರು ವಾರ ಬೇಕು, ಅಷ್ಟು ದಿನ ಅವನಿಗೆ ಕೂಲಿಯಿಲ್ಲ) ಅವನನ್ನೇ ಅಂಗಡಿಗೆ ಕರೆದೊಯ್ಯಬೇಕು. ಒಮ್ಮೆ ಕುದುರೆ ಜೋರಾಗಿ ತುಳಿದ ಬೂಟನ್ನು ಮತ್ತೆ ತೊಡಬಾರದು. ಮೇಲಿನ ತೊಗಲು ನೆಟ್ಟಗೆ ಕಂಡರೂ ಒಳಗೆ ಕೈ ಹಾಕಿ ಸವರಿದರೆ ಕೆಲವೊಮ್ಮೆ ಉಕ್ಕು ತಗ್ಗಾಗಿರುವುದು ಬೆರಳಿಗೆ ಸಿಗುತ್ತದೆ.