ಇಸಿಯಲ್ಲಿ ಕಾಣದ ಸಾಲ

ನಮ್ಮ ಏರಿಯಾ ನಮ್ಮ ಲೆಕ್ಕ, ಭಾಗ 6

ಮೊದಲನೇ ಫೋಟೋ ನೋಡಿ. ಮಾಗಡಿ ರೋಡ್ ಕಡೆ ಒಂದು 20×30 ಸೈಟ್. ಕೆಂಪು ಮಣ್ಣು ಹೊಡೆಸಿ ನೀಟಾಗಿ ಲೆವೆಲ್ ಮಾಡಿದ್ದಾರೆ. ನಾಗರಬಾವಿಯ ಬಾಡಿಗೆ ಮನೇಲಿ ಕೂತು ಅಪ್ಪ ಇಷ್ಟು ವರ್ಷ ಕೂಡಿಟ್ಟ ದುಡ್ಡಿಗೆ ಎಟುಕಿದ್ದು ಇದೊಂದೇ.

ಲಾಯರ್ ಎಲ್ಲ ನೋಡಿದ್ರು. ಮದರ್ ಡೀಡ್, ಖಾತಾ, ಟ್ಯಾಕ್ಸ್ ರಸೀದಿ, 30 ವರ್ಷದ ಇಸಿ. "ಎಲ್ಲ ಕ್ಲಿಯರ್ ಇದೆ" ಅಂದ್ರು. ಅಮ್ಮ ಅವತ್ತೇ ತುಪ್ಪದ ದೀಪ ಹಚ್ಚಿದ್ರು.

ಅಲ್ಲಿ ಮೊದಲು ಏನಿತ್ತು ಅಂತ ಮಾತ್ರ ಯಾರೂ ಕೇಳಿರಲಿಲ್ಲ. ನಾನು ಎದುರಿನ ಟೀ ಅಂಗಡಿಯವರನ್ನ ಕೇಳಿದೆ. "ಕ್ರೋಮ್ ಪ್ಲೇಟಿಂಗ್ ಶೆಡ್ ಇತ್ತಮ್ಮ. ನೀರನ್ನ ಹಿಂದೆ ಗುಂಡಿಗೆ ಬಿಡ್ತಿದ್ರು" ಅಂದ್ರು. ಅಪ್ಪನಿಗೆ ಹೇಳಿದ್ರೆ, "ಶೆಡ್ ಒಡೆದು ಮಣ್ಣು ತುಂಬಿಸಿ ಕೊಟ್ಟಿದ್ದಾರಲ್ಲ ಪುಟ್ಟಿ, ಇನ್ನೇನು?"

ಇನ್ನೇನು ಅಂದ್ರೆ, ಕ್ರೋಮ್ ಪ್ಲೇಟಿಂಗ್‌ನಲ್ಲಿ ಬಳಸೋದು ಹೆಕ್ಸಾವೇಲೆಂಟ್ ಕ್ರೋಮಿಯಂ. ಕ್ಯಾನ್ಸರ್ ತರೋ ವಸ್ತುಗಳ ಪಟ್ಟೀಲಿ ಇರೋದು. ನಮ್ಮ ಪೀಣ್ಯದ ಅಂತರ್ಜಲದಲ್ಲೇ ಅದು ಸಿಕ್ಕಿದೆ. ಮೇಲೆ ಎರಡಡಿ ಹೊಸ ಮಣ್ಣು ಸುರಿದ ಮಾತ್ರಕ್ಕೆ ಕೆಳಗಿರೋದು ಹೋಗಲ್ಲ, ಕಾಣಲ್ಲ ಅಷ್ಟೇ.

ಇಸಿ ಅಂದ್ರೆ ಋಣಭಾರ ಪತ್ರ. ಜಾಗದ ಮೇಲೆ ಯಾವ ಬ್ಯಾಂಕಿನ ಸಾಲ ಇದೆ ಅಂತ ಹೇಳತ್ತೆ. ಮಣ್ಣಿನ ಮೇಲಿರೋ ಸಾಲವನ್ನ ಯಾವ ಪತ್ರ ಹೇಳತ್ತೆ? ನಾವು ಬಿಕಾಂನಲ್ಲಿ ಎಎಸ್ 29 ಓದ್ತೀವಲ್ಲ, ಕಂಟಿಂಜೆಂಟ್ ಲಯಬಿಲಿಟಿ. ಮುಂದೆ ಬರಬಹುದಾದ ಹೊಣೆಯನ್ನ ಮುಚ್ಚಿಡಬೇಡಿ ಅಂತ ಕಂಪನಿಗೆ ಹೇಳೋ ನಿಯಮ. ಕಂಪನಿ ಶೇರ್ ತಗೊಳೋನಿಗೆ ಸಿಗೋ ಈ ಮಾಹಿತಿ, ಜೀವಮಾನದ ಉಳಿತಾಯ ಹಾಕಿ ಸೈಟ್ ತಗೊಳೋನಿಗೆ ಸಿಗಲ್ಲ.

ಎರಡನೇ ಫೋಟೋಗೆ ಸ್ವೈಪ್ ಮಾಡಿ. ಮಲ್ಲೇಶ್ವರಂ ಪಕ್ಕದ ಮೈಸೂರು ಲ್ಯಾಂಪ್ಸ್. 1936ರಲ್ಲಿ ಶುರುವಾದ ಕಂಪನಿ, 2003ರಲ್ಲಿ ಬಾಗಿಲು ಹಾಕ್ತು. ಸುಮಾರು 21 ಎಕರೆ. ಬೆಂಗಳೂರಿನ ಚರಿತ್ರೆ, ಸಂಸ್ಕೃತಿ ತೋರಿಸೋ ಜಾಗ ಮಾಡ್ಬೇಕು ಅನ್ನೋದು ಸರ್ಕಾರದ ಯೋಜನೆ. ನಂಗೂ ಇಷ್ಟವೇ, ಮಾಲ್ ಆಗೋದಕ್ಕಿಂತ ಸಾವಿರ ಪಾಲು ವಾಸಿ. ಆದ್ರೆ ಟ್ಯೂಬ್‌ಲೈಟ್ ಒಳಗೆ ಪಾದರಸ ಇರತ್ತೆ. ಆ ನೆಲದಲ್ಲಿ ಪಾದರಸ ಇದೆ ಅಂತ ನಾನು ಹೇಳ್ತಿಲ್ಲ. ಮಕ್ಕಳು ಓಡಾಡೋ ಜಾಗ ಮಾಡೋಕೆ ಮುಂಚೆ ಪರೀಕ್ಷೆ ಮಾಡಿ, ವರದಿಯನ್ನ ಗೇಟಿನ ಮೇಲೇ ಅಂಟಿಸಿ ಅಂತಿದ್ದೀನಿ. ಕೊಡೈಕೆನಾಲ್‌ನ ಥರ್ಮಾಮೀಟರ್ ಫ್ಯಾಕ್ಟರಿ 2001ರಲ್ಲೇ ಮುಚ್ತು. ಅಲ್ಲಿನ ಪಾದರಸದ ಮಣ್ಣಿನ ಜಗಳ ಮಾತ್ರ ಅದಾದ ಮೇಲೆ ವರ್ಷಗಟ್ಟಲೆ ನಡೀತು.

ಪರೀಕ್ಷೆ ಅಂದ್ರೆ ರಾಕೆಟ್ ಸೈನ್ಸ್ ಅಲ್ಲ. ಮೊದಲು ಜಾಗದ ಜಾತಕ: ಅಲ್ಲಿ ಏನು ತಯಾರಾಗ್ತಿತ್ತು, ಟ್ಯಾಂಕ್ ಎಲ್ಲಿತ್ತು, ಕೊಳಚೆ ಎಲ್ಲಿಗೆ ಹೋಗ್ತಿತ್ತು. ಹಳೇ ನಕ್ಷೆ, ಲೈಸೆನ್ಸ್, ಅಕ್ಕಪಕ್ಕದವರ ನೆನಪು ಸಾಕು. ಅನುಮಾನ ಬಂದ್ರೆ ಬೇರೆ ಬೇರೆ ಆಳದಿಂದ ಮಣ್ಣು ತೆಗೆದು, ಬೋರ್‌ವೆಲ್ ನೀರಿನ ಜೊತೆ ಲ್ಯಾಬ್‌ಗೆ ಕಳಿಸೋದು. ಒಂದು ವಿಷಯ ನೆನಪಿಡಿ: ಬಿಲ್ಡರ್‌ಗಳು ಹೇಳೋ "ಸಾಯಿಲ್ ಟೆಸ್ಟ್" ಬೇರೆ. ಅದು ನೆಲ ಕಟ್ಟಡದ ಭಾರ ತಡೆಯತ್ತಾ ಅಂತ ನೋಡೋಕೆ, ವಿಷ ಹುಡುಕೋಕಲ್ಲ.

ಕಾನೂನು ಇಲ್ವಾ ಅಂದ್ರೆ, ಅರ್ಧಂಬರ್ಧ ಇದೆ. 2006ರ ಇಐಎ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ಮೇಲಿನ ಕಟ್ಟಡಕ್ಕೇ ಪರಿಸರ ಅನುಮತಿ ಬೇಕಾಗೋದು. ನಮ್ಮ 20×30 ಎಲ್ಲಿ, ಅದೆಲ್ಲಿ! ಜುಲೈ 2025ರಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿಯಮ ತಂತು. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನದ ಜಾಗಗಳ ಪಟ್ಟಿ ಕೊಡ್ಬೇಕು, ಮಾಲಿನ್ಯ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮುಗಿಸ್ಬೇಕು. ಒಳ್ಳೇ ನಿಯಮ. ಆದ್ರೆ ಗಲ್ಲಿಯ ಶೆಡ್ ಆ ಪಟ್ಟಿಗೆ ಬರೋದು ಯಾರಾದ್ರೂ ಹೇಳಿದ್ರೆ ತಾನೇ? ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 55, ಕೊಳ್ಳೋನಿಗೆ ಸುಲಭವಾಗಿ ಕಾಣದ ದೋಷವನ್ನ ಮಾರೋನೇ ಹೇಳ್ಬೇಕು ಅನ್ನತ್ತೆ. ನಂಗೇ ಗೊತ್ತಿರಲಿಲ್ಲ ಅಂದ್ಬಿಟ್ರೆ ಅಲ್ಲಿಗೆ ಮುಗೀತು.

ಅದಕ್ಕೇ ನನ್ನ ವಾದ ಇಷ್ಟು: ಫ್ಯಾಕ್ಟರಿ, ಶೆಡ್, ಗ್ಯಾರೇಜ್, ಪೆಟ್ರೋಲ್ ಬಂಕ್ ಇದ್ದ ಜಾಗಕ್ಕೆ ಮಣ್ಣಿನ ವರದಿ ಇಲ್ಲದೆ ಮನೆ ಕಟ್ಟೋ ಪ್ಲಾನ್ ಪಾಸ್ ಮಾಡ್ಬಾರ್ದು. ಖರ್ಚು ಮಾರೋರದ್ದು.

"ಹೀಗೆಲ್ಲ ರೂಲ್ ತಂದ್ರೆ ರೇಟ್ ಏರತ್ತೆ, ಬಡವರಿಗೆ ಸೈಟ್ ಸಿಗಲ್ಲ" ಅಂದ ಒಬ್ಬ ಕ್ಲಾಸ್‌ಮೇಟ್. ನ್ಯಾಯವಾದ ಪ್ರಶ್ನೆನೇ. ಆದ್ರೆ ಈಗಲೂ ಆ ಖರ್ಚನ್ನ ಒಬ್ರು ಕಟ್ತಾನೇ ಇದಾರೆ, ಹತ್ತು ವರ್ಷ ಆದ್ಮೇಲೆ, ಆಸ್ಪತ್ರೆ ಬಿಲ್‌ನಲ್ಲಿ. ಅಗ್ಗ ಅಂತ ಇಂಥ ಜಾಗ ಹುಡುಕಿಕೊಂಡು ಹೋಗೋರು ನಮ್ಮಂಥೋರೇ.

ನಮ್ಮನೇಲಿ ಇನ್ನೂ ತೀರ್ಮಾನ ಆಗಿಲ್ಲ. ಮಣ್ಣು ಟೆಸ್ಟ್ ಮಾಡಿಸ್ತೀವಿ ಅಂದಿದ್ದಕ್ಕೆ ಬ್ರೋಕರ್, "ಬೇಡ ಅಂದ್ರೆ ಬಿಡಿ ಸಾರ್, ಕ್ಯೂನಲ್ಲಿ ಮೂರು ಜನ ಇದಾರೆ" ಅಂದ. ಅಪ್ಪ ಎರಡು ದಿನ ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ. ನಂಗೆ ಕಾಡ್ತಿರೋದು ಆ ಮೂರು ಜನ. ನಾವು ಬಿಟ್ರೆ ಅವರಲ್ಲೊಬ್ರು ತಗೋತಾರೆ, ಬೋರ್ ಹಾಕಿಸ್ತಾರೆ, ಮೇಲಿನ ಮನೇನ ನಮ್ಮಂಥೋರಿಗೆ ಬಾಡಿಗೆಗೆ ಕೊಡ್ತಾರೆ. ಒಬ್ಬರ ಎಚ್ಚರಿಕೆಯಿಂದ ಇದು ಮುಗಿಯಲ್ಲ.

ಇವತ್ತು ಒಂದು ಕೆಲಸ ಮಾಡಿ. ನೀವಿರೋ ಜಾಗದಲ್ಲಿ ಮೊದಲು ಏನಿತ್ತು ಅಂತ ಏರಿಯಾದ ಹಿರಿಯರನ್ನ ಕೇಳಿ, ಕಾಮೆಂಟ್‌ನಲ್ಲಿ ಬರೀರಿ. ಮನೆ ನಂಬರ್ ಬೇಡ, ಏರಿಯಾ ಹೆಸರು ಸಾಕು. ಪಟ್ಟಿ ಮಾಡಿ ಪಾಲಿಕೆಗೂ ಮಂಡಳಿಗೂ ಕಳಿಸೋ ಕೆಲಸ ನನ್ನದು.

#ನಾಗರಬಾವಿ #ಮಣ್ಣಿನಋಣ #ನಮ್ಮಏರಿಯಾನಮ್ಮಲೆಕ್ಕ