ಬಾಗಿಲು ಮಾರುವ ಜಾತ್ರೆಯಲ್ಲಿ

ಬನದ ಹುಣ್ಣಿಮೆ ದಾಟಿ ಎಂಟು ದಿನವಾಗಿತ್ತು. ತೇರು ಎಳೆದಾಗಿತ್ತು, ದೂರದೂರಿನವರು ಬುತ್ತಿ ಗಂಟು ಕಟ್ಟಿಕೊಂಡು ಹೊರಟಾಗಿತ್ತು. ಆದರೆ ಚೊಳಚಗುಡ್ಡದ ಬನಶಂಕರಿ ಜಾತ್ರೆ ತೇರಿನ ದಿನಕ್ಕೆ ಮುಗಿಯುವಂಥದ್ದಲ್ಲ, ತಿಂಗಳೊಪ್ಪತ್ತು ನಡೆಯುವಂಥದ್ದು. ನಾಟಕ ಕಂಪನಿಗಳ ತಗಡಿನ ಥೇಟರುಗಳು ನಿಂತೇ ಇದ್ದವು. ಬಾಗಿಲು, ಚೌಕಟ್ಟು ಮಾರುವವರ ಸಾಲಿನಲ್ಲಿ ಹಾದುಹೋಗುವಾಗ ಒಬ್ಬ ಹುಡುಗ ಕಂಡ. ನೆಲಕ್ಕೆ ಮಲಗಿಸಿದ ತಲೆಬಾಗಿಲಿನ ಪಟ್ಟಿಗೆ ಪಾಲಿಶ್ ಪೇಪರು ತಿಕ್ಕುತ್ತಿದ್ದ. ಮೈಮೇಲೆ ಯಾವುದೋ ಬನಿಯನ್ನು, ಕೆಳಗೆ ಮಾತ್ರ ಸಾಲಿಯ ಪ್ಯಾಂಟು.

"ಎಷ್ಟನೆತ್ತಾ ಓದತೀಯಪಾ?"

"ಹತ್ತನೆತ್ತಾ ರೀ."

"ಮತ್ತ ಸಾಲಿ?"

"ಜಾತ್ರಿ ಮುಗದ ಮ್ಯಾಲ ಹೋಗತೇನ್ರಿ."

ಇಷ್ಟು ಹೇಳಿ, ಕೆತ್ತಿದ ಕಮಲದ ಎಸಳಿನ ಸಂದಿಯಲ್ಲಿ ಕೂತಿದ್ದ ಕಟ್ಟಿಗೆ ಪುಡಿಯನ್ನು ಬಾಯಿಂದ ಊದಿ ತೆಗೆದ. ಅವನ ಹುಬ್ಬಿನ ಮೇಲೂ ಅದೇ ಪುಡಿ. ಅದು ಸೋಮವಾರ, ಬೆಳಗಿನ ಹನ್ನೊಂದು ಗಂಟೆ. ಮಾರ್ಚ್‌ನ ಪರೀಕ್ಷೆಗೆ ಉಳಿದಿದ್ದು ಎರಡೇ ತಿಂಗಳು.

ನಿಮಗೆ ಗೊತ್ತಿಲ್ಲದ್ದಲ್ಲ ಇದು. ಆ ಸಾಲಿನಲ್ಲಿ ನೀವೂ ನಡೆದಿದ್ದೀರಿ, ಬಾಗಿಲಿಗೆ ಚೌಕಾಸಿ ಮಾಡಿದ್ದೀರಿ, ಅಂಥ ಹುಡುಗನ ಕೈಯಿಂದಲೇ ಚೌಕಟ್ಟನ್ನು ಟ್ರ್ಯಾಕ್ಟರಿಗೆ ಏರಿಸಿಕೊಂಡು ಹೋಗಿ ಹೊಸ ಮನೆಗೆ ನಿಲ್ಲಿಸಿ, ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದೀರಿ. ನೀವು ಕೆಟ್ಟವರಲ್ಲ. ಹರಿದ್ರಾ ತೀರ್ಥದ ಹೊಂಡದ ಕಟ್ಟೆಯ ಮೇಲೆ ಕೂತು, ಬುಟ್ಟಿ ಹೊತ್ತು ಬಂದ ಅವ್ವಂದಿರ ಕೈಯಿಂದ ರೊಟ್ಟಿ, ಪಲ್ಯ, ಗಟ್ಟಿ ಮೊಸರು ಇಸಕೊಂಡು ಉಂಡು, "ಇನ್ನೊಂದ್ ಹತ್ತ್ ರೂಪಾಯಿ ಇಟ್ಕೋ ಯವ್ವಾ" ಅನ್ನುವವರು ನೀವು. ಅದಕ್ಕೇ ನಿಮ್ಮ ಹತ್ತಿರ ಈ ಮಾತು. ಕೇಳಿಸಿಕೊಳ್ಳದವರ ಹತ್ತಿರ ಹೇಳಿ ಏನು ಬಂತು?

ನಿಮ್ಮಲ್ಲಿ ಬಹಳ ಮಂದಿ ಸರ್ಕಾರಿ ಹೈಸ್ಕೂಲಿನಲ್ಲಿ ಕಲಿತವರು. ಕನ್ನಡ ಸಾಲಿ ಮುಗಿಸಿ, ಮೊದಲ ಸಲ ಉದ್ದ ಪ್ಯಾಂಟು ತೊಟ್ಟೋ, ಎರಡು ಜಡೆಗೆ ರಿಬ್ಬನ್ನು ಕಟ್ಟಿಯೋ ಎಂಟನೆತ್ತಾಕ್ಕೆ ಕಾಲಿಟ್ಟವರು. ಗಣಿತದ ಮಾಸ್ತರರ ಹೆಜ್ಜೆ ಸಪ್ಪಳಕ್ಕೆ ಬೆವೆತವರು, ಗ್ಯಾದರಿಂಗಿನಲ್ಲಿ ನಾಟಕ ಆಡಿದವರು, ಆಗಸ್ಟ್ ಹದಿನೈದಕ್ಕೆ ಪ್ರಭಾತಫೇರಿ ಹೋಗಿ ಚಾಕೊಲೇಟಿಗೆ ಸಾಲು ನಿಂತವರು. ಇವತ್ತು ನಿಮ್ಮ ಮನೆಯ ಮುಂದೆ ಹಳದಿ ವ್ಯಾನು ಬಂದು ನಿಲ್ಲುತ್ತದೆ, ನಿಮ್ಮ ಮಗು ಟೈ ಕಟ್ಟಿಕೊಂಡು ಬಾದಾಮಿಗೋ ಬಾಗಲಕೋಟೆಗೋ ಹೋಗುತ್ತದೆ. ಅದನ್ನು ತಪ್ಪು ಅನ್ನಲಾರೆ. ನನ್ನ ಮಕ್ಕಳೂ ಅದೇ ವ್ಯಾನಿನಲ್ಲೇ ಹೋದವರು. ಆದರೆ ವ್ಯಾನು ಹೊರಟ ಮೇಲೆ ಊರಲ್ಲಿ ಯಾರ ಮಕ್ಕಳು ಉಳಿದರು ಅಂತ ಒಮ್ಮೆ ಹಿಂತಿರುಗಿ ನೋಡಿ. ದುಡಿಯಲು ಗೋವಾಕ್ಕೆ ಹೋದವರು ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳು, ಎಲೆಬಳ್ಳಿ ತೋಟದ ಕೂಲಿಯವರ ಮಕ್ಕಳು, ಬುಟ್ಟಿ ಹೊತ್ತ ಅವ್ವಂದಿರ ಮಕ್ಕಳು. ಮಾಸ್ತರರಿಲ್ಲ ಅಂತ ತಹಶೀಲ್ದಾರರ ಮುಂದೆ ನಿಂತು ಕೇಳುವ ದನಿ ಇಲ್ಲದವರು. ಆ ದನಿ ನಿಮ್ಮದಾಗಿತ್ತು. ವ್ಯಾನಿನ ಜತೆ ಅದೂ ಊರು ಬಿಟ್ಟಿತು.

ಇದು ಅಕ್ಷರಕ್ಕೆ ಹೊಸ ನೆಲವೂ ಅಲ್ಲ. ಇಲ್ಲಿಂದ ಐದು ಕಿಲೋಮೀಟರು ಹೋದರೆ ಬಾದಾಮಿಯ ಕೆರೆಯ ಆಚೆ, ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸಾವಿರದ ಮುನ್ನೂರು ವರ್ಷದ ಹಿಂದಿನ ಕನ್ನಡ ತ್ರಿಪದಿ ಇನ್ನೂ ಬಿಸಿಲಿಗೆ ಒಡ್ಡಿಕೊಂಡು ನಿಂತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಈ ಸೀಮೆ ಮುಂಬಯಿ ಆಡಳಿತದಲ್ಲಿದ್ದಾಗ, ಕನ್ನಡದ ಮಕ್ಕಳು ಮರಾಠಿ ಸಾಲಿಗಳಲ್ಲಿ ಕೂಡುವಂತಾಗಿತ್ತು. ಡೆಪ್ಯುಟಿ ಚನ್ನಬಸಪ್ಪ ಎಂಬ ಒಬ್ಬ ಶಿಕ್ಷಣಾಧಿಕಾರಿ ಅದನ್ನು ಕಂಡು ಸುಮ್ಮನಿರಲಿಲ್ಲ, ಕನ್ನಡ ಸಾಲಿ ತೆರೆಯಿಸಿದರು. 1881ರಲ್ಲಿ ತೀರಿಕೊಂಡರು, ಐವತ್ತನ್ನೂ ಕಾಣಲಿಲ್ಲ. ಸರ್ಕಾರಿ ನೌಕರನೊಬ್ಬ ಮನಸ್ಸು ಮಾಡಿದರೆ ಇಷ್ಟಾಯಿತು. ಆಮೇಲೆ ಬಹಳ ಕಾಲ ಹೈಸ್ಕೂಲೆಂದರೆ ದೊಡ್ಡ ಊರಿನ ಮಾತು. ಬುತ್ತಿ ಕಟ್ಟಿಕೊಂಡು ನಡೆದವರಿಗೆ, ನೆಂಟರ ಮನೆಯ ಪಡಸಾಲೆಯಲ್ಲಿ ಮಲಗಿದವರಿಗೆ ಮಾತ್ರ. ಹಳ್ಳಿಗೆ ಹೈಸ್ಕೂಲು ಬರಲಿ ಅಂತ ನಮ್ಮ ಹಿರಿಯರು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಹಂಗೆ ಬಂದ ಸಾಲಿಗಳಿವು.

ನಿಮಗೆ ಗೊತ್ತಿಲ್ಲದ್ದಲ್ಲ, ಆದರೂ ಹೇಳುತ್ತೇನೆ. ಶಿಕ್ಷಣ ಹಕ್ಕಿನ ಕಾಯ್ದೆ 2010ರಿಂದ ಜಾರಿಯಲ್ಲಿದೆ. ಅದು ಆರರಿಂದ ಹದಿನಾಲ್ಕು ವರ್ಷದವರೆಗೆ. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆಯೂ ಹದಿನಾಲ್ಕು ದಾಟಿದವರನ್ನು ತಡೆಯುವುದು ಅಪಾಯದ ಕೆಲಸಗಳಿಂದ ಮಾತ್ರ. ಅಂದರೆ ಮಗು ಎಂಟನೆತ್ತಾ ದಾಟುವ ಹೊತ್ತಿಗೆ ಎರಡೂ ಕಾಯ್ದೆಗಳು ಸದ್ದಿಲ್ಲದೆ ಕೈ ಬಿಡುತ್ತವೆ. ಒಂಬತ್ತು, ಹತ್ತನೆಯ ತರಗತಿಯ ಆ ಎರಡು ವರ್ಷ, ಹುಡುಗನಿಗೆ ಗೌಂಡಿ ಕೆಲಸ ಕೂಗುವ ಎರಡು ವರ್ಷ, ಹುಡುಗಿಗೆ ಗಂಡು ಹುಡುಕಲು ಹಿರಿಯರು ಪಿಸುಗುಟ್ಟುವ ಎರಡು ವರ್ಷ, ಅವರನ್ನು ಹಿಡಿದು ನಿಲ್ಲಿಸುವುದು ಊರಿನ ಹೈಸ್ಕೂಲು ಮತ್ತು ಊರಿನ ಮಂದಿ. ಬೇರೆ ಯಾರೂ ಇಲ್ಲ. ಮದುವೆಗೆ ಹದಿನೆಂಟಾಗಬೇಕು ಅನ್ನುವ ಕಾಯ್ದೆ ಇದೆಯಲ್ಲ ಅಂದೀರಿ. ಇದೆ. ಲಗ್ನಪತ್ರಿಕೆಯೇ ಅಚ್ಚಾಗದ ಮದುವೆಗಳಿಗೆ ಹೋಗಿ ಅಕ್ಷತೆ ಹಾಕಿ ಬಂದವರು ನಾವು.

ಎಂಟನೆತ್ತಾಕ್ಕೆ ಬಂದ ಮಕ್ಕಳಿಗೆ 2006-07ರಿಂದ ಸರ್ಕಾರ ಸೈಕಲ್ ಕೊಡುತ್ತಿತ್ತು. ಸಂಜೆ ರಸ್ತೆಯ ತುಂಬ ಹುಡುಗಿಯರು ಬೆಲ್ಲು ಬಾರಿಸುತ್ತ ಬರುವುದನ್ನು ನೀವು ಕಂಡಿದ್ದೀರಿ. ಅದೇ ಒಂದು ತೇರಿನಂತಿತ್ತು. ಕೋವಿಡ್ ಬಂತು, ಸೈಕಲ್ ನಿಂತಿತು. ಯಾವ ಚೌಕದಲ್ಲಿ ಯಾರು ಕೇಳಿದರು? 2023ರ ಜೂನ್‌ನಿಂದ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯಾಯಿತು ನಿಜ, ಆದರೆ ಸಾಲಿ ಬಿಡುವ ಹೊತ್ತಿಗೆ ತುಂಬಿ ಬರುವ ಬಸ್ಸು ಕೈ ಮಾಡಿದರೆ ನಿಲ್ಲಬೇಕಲ್ಲ!

ಮಲಪ್ರಭೆಯನ್ನು ನೆನೆಯಿರಿ. 2009ರ ಹೊಳೆ, 2019ರ ಆಗಸ್ಟಿನ ಹೊಳೆ. ಮೇಲೆ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟರು ಅಂತ ಸುದ್ದಿ ಬಂದ ರಾತ್ರಿ, ದಂಡೆಯ ಊರುಗಳವರು ಹಸುಗೂಸು, ಮುದುಕರು, ಜೋಳದ ಚೀಲ ಎತ್ತಿಕೊಂಡು ಓಡಿದ್ದು ಎಲ್ಲಿಗೆ? ಸರ್ಕಾರಿ ಸಾಲಿಗಳಿಗೆ. ಡೆಸ್ಕು ಸರಿಸಿ, ಕಪ್ಪು ಹಲಗೆಯ ಕೆಳಗೆ ಕೌದಿ ಹಾಸಿ ಮಲಗಿದ್ದು ನೀವೇ, ಅಥವಾ ನಿಮ್ಮ ಬಳಗ. ಆಗ ಯಾವ ಸಾಲಿಯೂ ನಿಮ್ಮ ಹತ್ತಿರ ಡೊನೇಶನ್ ಕೇಳಲಿಲ್ಲ.

ಇನ್ನೊಂದು ನೋವಿನ ಮಾತು. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು. ಕೃಪಾಂಕವನ್ನು ಹೆಚ್ಚಿಸಿಯೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ? ಇಷ್ಟು ವರ್ಷ ಕಲಿಸದೆ ಪಾಸು ಮಾಡಿಸಿ ಎಲ್ಲರೂ ಸೇರಿ ಮುಚ್ಚಿಟ್ಟದ್ದು ಬಯಲಾಯಿತು, ಅಷ್ಟೆ. ಅದೇ ವರ್ಷ ನಮ್ಮದೇ ಜಿಲ್ಲೆಯ ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ, ರೈತನ ಮಗಳು, 625ಕ್ಕೆ 625 ತೆಗೆದಳು. ಅದೂ ಸರ್ಕಾರಿ ಸಾಲಿಯೇ. ಉಣ್ಣಲು, ಮಲಗಲು, ಓದಲು ಜಾಗ ಮತ್ತು ಕೇಳಿದ್ದಕ್ಕೆ ಉತ್ತರ ಹೇಳುವ ಮಾಸ್ತರರು ಸಿಕ್ಕರೆ ಈ ನೆಲದ ಮಗು ಏನಾಗಬಹುದು ಅಂತ ಇಡೀ ರಾಜ್ಯ ನೋಡಿತು.

ನಾನು ಯಾವ ಸಾಲಿಯನ್ನೂ ಹಳಿಯುವುದಿಲ್ಲ, ಯಾವ ಮಾಸ್ತರರನ್ನೂ ದೂರುವುದಿಲ್ಲ. ಬೇಡುವುದು ಇಷ್ಟೇ. ನೀವು ಕಲಿತ ಹೈಸ್ಕೂಲಿಗೆ ಒಂದು ದಿನ ಹೋಗಿ, ಭಾಷಣಕ್ಕಲ್ಲ, ಶಾಲಿಗೂ ಅಲ್ಲ. ಹತ್ತನೆತ್ತಾದ ಹಾಜರಿ ಪುಸ್ತಕ ಕೇಳಿ ನೋಡಿ. ಜನವರಿಯಲ್ಲಿ ಯಾವ ಹೆಸರುಗಳ ಮುಂದೆ ಗೈರು ಬಿದ್ದಿದೆ, ಆ ಮಕ್ಕಳ ಮನೆಗೆ ಹೋಗಿ ಬನ್ನಿ. ಗಣಿತಕ್ಕೆ ಮಾಸ್ತರರಿಲ್ಲದಿದ್ದರೆ ಅರ್ಜಿಯ ಮೇಲೆ ನಿಮ್ಮ ಸಹಿಯೂ ಬೀಳಲಿ. ದೇವಿಗೆ ಬೆಳ್ಳಿ ಕೊಡುವ ಕೈಗಳೇ, ನಾಟಕದ ಪರದೆಗೆ ದೇಣಿಗೆ ಕೊಡುವ ಕೈಗಳೇ, ನೂರೆಂಟು ಪಲ್ಯ ಮಾಡಿ ಶಾಕಂಬರಿಗೆ ಎಡೆ ಹಿಡಿಯುವ ಕೈಗಳೇ, ನಿಮಗೆ ಗೊತ್ತಿಲ್ಲದ್ದಲ್ಲ ಕೊಡುವುದು ಹೇಗೆ ಅಂತ.

ಅವತ್ತು ಹೊಂಡದ ಕಟ್ಟೆಯ ಮೇಲೆ ನನಗೆ ರೊಟ್ಟಿ ಬಡಿಸಿದವಳ ಪಕ್ಕ ಅವಳ ಮಗಳಿದ್ದಳು, ಒಂಬತ್ತನೆತ್ತಾ. ಆರು ಜನರ ಊಟದ ಲೆಕ್ಕ ಬಾಯಲ್ಲೇ ಹಾಕಿ, ನಾನು ಕೊಟ್ಟ ಐನೂರರ ನೋಟಿಗೆ ಚಿಲ್ಲರೆ ಎಣಿಸಿಟ್ಟಳು. "ಶಾಣ್ಯಾ ಇದಾಳ" ಅಂದೆ. ಅವ್ವ ಬುಟ್ಟಿಗೆ ಬಟ್ಟೆ ಮುಚ್ಚುತ್ತ ಅಂದಳು: "ಶಾಣ್ಯಾ ಇದಾಳ್ರಿ. ಗಣಿತದ ಸರ್ ಹೋಗಿ ದೀಪಾವಳಿ ಆತು, ಇನ್ನೂ ಬಂದಿಲ್ಲ. ನಾವು ಯಾರಿಗ್ ಹೇಳಬೇಕ್ರಿ?"